ಅಟ್ಟ ಹತ್ತಿದ ಹಸ್ತಪ್ರತಿಗಳು

ಧಾರವಾಡದ ಸುಭಾಸ ರಸ್ತೆಯಲ್ಲಿ, ಪೇಟೆಯ ಗದ್ದಲದ ನಡುವೆ, ಒಂದು ಅಟ್ಟವಿದೆ. ಊರಿನ ಓದುಗರಿಗೆ ಅದು ಬರೀ ‘ಅಟ್ಟ’. ‘ಅಟ್ಟಕ್ಕ ಹೋಗಿದ್ದೆ’ ಎಂದರೆ ಸಾಕು, ಯಾರ ಮನೆಯ ಅಟ್ಟ ಎಂದು ಕೇಳುವವರಿಲ್ಲ. ಮನೋಹರ ಗ್ರಂಥಮಾಲೆಯ ಠಿಕಾಣಿ ಅದು. ಗಿರೀಶ ಕಾರ್ನಾಡರ ‘ಯಯಾತಿ’, ‘ತುಘಲಕ್’, ‘ಹಯವದನ’, ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’, ಶಾಂತಿನಾಥ ದೇಸಾಯಿಯವರ ‘ಮುಕ್ತಿ’, ಎ.ಕೆ. ರಾಮಾನುಜನ್ನರ ‘ಹೊಕ್ಕುಳಲ್ಲಿ ಹೂವಿಲ್ಲ’ ಎಲ್ಲವೂ ಓದುಗರ ಕೈ ಸೇರಿದ್ದು ಈ ಮಾಲೆಯಿಂದ. ಕನ್ನಡ ನವ್ಯ ಸಾಹಿತ್ಯದ ಅರ್ಧ ಕಪಾಟು ತುಂಬುವಷ್ಟು ಪುಸ್ತಕಗಳು ರಾಜಧಾನಿಯಿಂದ ನಾನೂರು ಕಿಲೋಮೀಟರ್ ಆಚೆಗಿನ ಒಂದು ಅಟ್ಟದಿಂದ ಹೊರಬಿದ್ದವು.

ಅದು ಹೇಗೆ ಸಾಧ್ಯವಾಯಿತು ಎಂದು ಕೇಳಿದರೆ ಉತ್ತರ ಒಬ್ಬ ಮನುಷ್ಯನ ಹತ್ತಿರ ಬಂದು ನಿಲ್ಲುತ್ತದೆ. ಅವರು ಜಿ.ಬಿ. ಜೋಶಿ. ಧಾರವಾಡದವರ ಬಾಯಲ್ಲಿ ಬರೀ ಜಿ.ಬಿ. ಈ ಲೇಖನಕ್ಕೆ ನಾನು ಹೊರಟದ್ದು ಅವರಿಗಾಗಿಯೇ. ಆದರೆ ಜಿ.ಬಿ. ಒಬ್ಬಂಟಿಯಾಗಿ ಎದ್ದು ಬಂದವರಲ್ಲ. ಅವರ ಹಿಂದೆ ಒಂದು ಗೆಳೆತನವಿತ್ತು. ಮೊದಲು ಅದರ ಸಂಗತಿ.

ಇಪ್ಪತ್ತರ ದಶಕದ ಧಾರವಾಡ ಮುಂಬಯಿ ಪ್ರಾಂತ್ಯದ ಊರು. ಅಲ್ಲಿ ಮರಾಠಿಯ ಪ್ರಭಾವ ಗಾಢವಾಗಿತ್ತು. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, ಆಲೂರ ವೆಂಕಟರಾಯರ ಓಡಾಟ, ‘ಜಯಕರ್ನಾಟಕ’ದಂಥ ಪತ್ರಿಕೆ, ಇವು ಕನ್ನಡಕ್ಕೆ ನೆಲೆ ಕಟ್ಟುತ್ತಿದ್ದವು. ಆ ನೆಲೆಯ ಮೇಲೆ ದ.ರಾ. ಬೇಂದ್ರೆಯವರ ಸುತ್ತ ಕೂಡಿಕೊಂಡದ್ದು ‘ಗೆಳೆಯರ ಗುಂಪು’. ಗುಂಪು ಕೂಡುತ್ತಿದ್ದ ಹೊತ್ತಿಗೇ, 1922ರಲ್ಲಿ, ಬೇಂದ್ರೆಯವರ ಮೊದಲ ಕೃತಿ ‘ಕೃಷ್ಣಾಕುಮಾರಿ’ ಬಂತು. ಶಂಬಾ ಜೋಶಿ, ಬೆಟಗೇರಿ ಕೃಷ್ಣಶರ್ಮ, ರಂ.ಶ್ರೀ. ಮುಗಳಿ, ವಿ.ಕೃ. ಗೋಕಾಕ, ಎನ್ಕೆ ಕುಲಕರ್ಣಿ, ಜಿ.ಬಿ. ಜೋಶಿ ಒಬ್ಬೊಬ್ಬರಾಗಿ ಬಂದು ಸೇರಿದರು. ಬೇಂದ್ರೆ ಅಂಬಿಕಾತನಯದತ್ತ, ಕೃಷ್ಣಶರ್ಮ ಆನಂದಕಂದ, ಮುಗಳಿ ರಸಿಕರಂಗ, ಗೋಕಾಕ ವಿನಾಯಕ, ಜಿ.ಬಿ. ಜಡಭರತ. ಒಬ್ಬೊಬ್ಬರಿಗೂ ಒಂದೊಂದು ಕಾವ್ಯನಾಮ.

ಗುಂಪಿನ ಕೆಲಸ ಬರೆಯುವುದಷ್ಟೇ ಆಗಿರಲಿಲ್ಲ. ನವರಾತ್ರಿಯನ್ನು ನಾಡಹಬ್ಬವಾಗಿ ಆಚರಿಸಿದರು, ಪತ್ರಿಕೆ ನಡೆಸಿದರು, ಹಳ್ಳಿಗಳಿಗೆ ಹೋಗಿ ಭಾಷಣ ಮಾಡಿದರು. ಆದರೂ ಈ ಗುಂಪಿನ ಜೀವಾಳ ಒಬ್ಬರು ಬರೆದದ್ದನ್ನು ಇನ್ನೊಬ್ಬರ ಮುಂದೆ ಓದುವುದರಲ್ಲಿ ಇತ್ತು ಎಂಬುದು ನನ್ನ ಖಚಿತ ನಂಬಿಕೆ. ಗೋಕಾಕರ ಉದಾಹರಣೆಯನ್ನೇ ನೋಡಿ. ಕಾಲೇಜಿನ ದಿನಗಳಲ್ಲಿ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಹುಡುಗನನ್ನು ಬೇಂದ್ರೆಯವರ ಸಹವಾಸ ಕನ್ನಡಕ್ಕೆ ತಿರುಗಿಸಿತು. ಆ ಒಂದು ತಿರುವು ಇಲ್ಲದಿದ್ದರೆ ‘ಸಮರಸವೇ ಜೀವನ’ದಂಥ ಕಾದಂಬರಿ, ‘ಭಾರತ ಸಿಂಧುರಶ್ಮಿ’ಯಂಥ ಮಹಾಕಾವ್ಯ ನಮಗೆ ದಕ್ಕುತ್ತಿರಲಿಲ್ಲ. ಹೆಣ್ಣುಮಕ್ಕಳ ಹೆಸರು ಈ ಗುಂಪಿನ ಕಥೆಯಲ್ಲಿ ಎದ್ದು ಕಾಣುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಅದು ಆ ಕಾಲದ ಕೊರತೆ, ಗುಂಪಿನ ಕೊರತೆಯೂ ಹೌದು.

ಬರೆಯುವವರು ಇದ್ದರು, ಕೇಳುವವರು ಇದ್ದರು. ಅಚ್ಚು ಹಾಕುವವರು ಬೇಕಾಗಿತ್ತು. ಆಗ ಕನ್ನಡ ಓದುಗ ನಾಲ್ಕು ದಿಕ್ಕಿಗೆ ಚದುರಿದ್ದ. ಸ್ವಲ್ಪ ಮುಂಬಯಿ ಪ್ರಾಂತ್ಯದಲ್ಲಿ, ಸ್ವಲ್ಪ ಮೈಸೂರಲ್ಲಿ, ಸ್ವಲ್ಪ ನಿಜಾಮನ ಸೀಮೆಯಲ್ಲಿ, ಸ್ವಲ್ಪ ಮದರಾಸಿನ ಆಡಳಿತದಲ್ಲಿ. ಪುಸ್ತಕದಂಗಡಿಯನ್ನು ನಂಬಿ ಪುಸ್ತಕ ತರುವ ಹಾಗೆಯೇ ಇರಲಿಲ್ಲ. ಬರೆಯುವವರ ಬದುಕೂ ಸುಲಭವಿರಲಿಲ್ಲ, ಬೇಂದ್ರೆಯವರ ಸ್ಥಿತಿಯೇ ಸಾಕ್ಷಿ. 1932ರಲ್ಲಿ ‘ಗರಿ’ ಬಂತು. ಆ ಹೊತ್ತಿಗೇ ‘ನರಬಲಿ’ ಕವಿತೆಗಾಗಿ ಬ್ರಿಟಿಷ್ ಸರಕಾರ ಅವರನ್ನು ಸೆರೆಗೆ ಹಾಕಿತು, ಆಮೇಲೆ ಮುಗದ ಹಳ್ಳಿಯಲ್ಲಿ ನಜರುಕೈದಿಯಾಗಿ ಇಟ್ಟಿತು. ಹೊರಬಂದ ಮೇಲೂ ನೌಕರಿಯಿಲ್ಲದೆ ವರ್ಷಗಟ್ಟಲೆ ಕಷ್ಟಪಟ್ಟರು. ಕನ್ನಡದ ದೊಡ್ಡ ಕವಿಗೇ ಈ ಗತಿಯಿದ್ದಾಗ ಹೊಸಬರ ಹಸ್ತಪ್ರತಿಯನ್ನು ಯಾರು ಮುಟ್ಟಬೇಕು?

ಗುಂಪಿನೊಳಗಿನಿಂದಲೇ ಎದ್ದು ಬಂದವರು ಜಿ.ಬಿ. ಹುಟ್ಟಿದ್ದು 1904ರಲ್ಲಿ, ಗದಗಿನ ಬಳಿಯ ಹೊಂಬಳದಲ್ಲಿ. ದೊಡ್ಡ ಬಂಡವಾಳವಿರಲಿಲ್ಲ. ಇದ್ದದ್ದು ಗೆಳೆಯರ ಹಸ್ತಪ್ರತಿಗಳು, ಬೇಂದ್ರೆಯವರ ಬೆಂಬಲ ಮತ್ತು ಕಾಲಲ್ಲಿ ಕಸುವು. 1933ರಲ್ಲಿ ಮನೋಹರ ಗ್ರಂಥಮಾಲೆ ಶುರುವಾಯಿತು. ಅಂಗಡಿ ಇಲ್ಲದ ಕಡೆ ಓದುಗನನ್ನೇ ಹುಡುಕಿಕೊಂಡು ಹೋಗುವುದು ಅದರ ಉಪಾಯ. ಮುಂಗಡವಾಗಿ ಚಂದಾ ಕೊಟ್ಟವರಿಗೆ ವರ್ಷದ ಪುಸ್ತಕಗಳು ಮನೆಗೆ ಬರುತ್ತವೆ. ಆ ಚಂದಾ ಹಣದಲ್ಲೇ ಕಾಗದ, ಆ ಹಣದಲ್ಲೇ ಅಚ್ಚಿನ ಕೂಲಿ. ಜಿ.ಬಿ. ಊರೂರು ತಿರುಗಿ ಚಂದಾದಾರರನ್ನು ಕೂಡಿಸಿದರು. ಯಾವ ಪುಸ್ತಕ ಬರುತ್ತದೆಂದು ತಿಳಿಯದೆಯೇ ಮುಂಗಡ ಕೊಡುವ ಓದುಗ, ಗುರುತಿಲ್ಲದ ಲೇಖಕ, ಇಬ್ಬರ ನಡುವೆ ಜಿ.ಬಿ. ಅವರ ಮಾತೇ ಜಾಮೀನು. ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ದೊಡ್ಡದೆನಿಸುವುದು ಈ ನಂಬಿಕೆ. ‘ಸಂಸ್ಕಾರ’ದಂಥ, ಮಡಿವಂತರನ್ನು ಕೆರಳಿಸಿದ ಕಾದಂಬರಿಯನ್ನು 1965ರಲ್ಲಿ ಹೊರತರಲು ಧೈರ್ಯ ಬಂದದ್ದು ಇಂಥ ನಂಬಿಕೆಯನ್ನು ಮೂವತ್ತು ವರ್ಷ ಕೂಡಿಟ್ಟಿದ್ದರಿಂದಲೇ.

ಜಿ.ಬಿ. ಸ್ವತಃ ಬರಹಗಾರರು. ಜಡಭರತ ಎಂಬ ಹೆಸರಿನಲ್ಲಿ ಅವರು ಬರೆದ ‘ಸತ್ತವರ ನೆರಳು’ ನಾಟಕವನ್ನು ಬಿ.ವಿ. ಕಾರಂತರು ದಾಸರ ಪದಗಳ ಬಲದಿಂದ ರಂಗಕ್ಕೇರಿಸಿದಾಗ ಅದು ಕನ್ನಡ ಹವ್ಯಾಸಿ ರಂಗಭೂಮಿಯ ಮರೆಯಲಾಗದ ಪ್ರಯೋಗವಾಯಿತು. ‘ಧರ್ಮಸೆರೆ’ಯನ್ನು ಪುಟ್ಟಣ್ಣ ಕಣಗಾಲ್ 1979ರಲ್ಲಿ ಸಿನಿಮಾ ಮಾಡಿದರು. ‘ಮೂಕಬಲಿ’, ‘ಕದಡಿದ ನೀರು’ ಕೂಡ ಅವರವೇ. ಆದರೆ ತಮ್ಮ ಬರಹವನ್ನು ಮುಂದೆ ಮಾಡಿ ಉಳಿದವರದನ್ನು ಹಿಂದೆ ಹಾಕಿದ ಪ್ರಕಾಶಕ ಅವರಲ್ಲ. ಬರೆಯುವ ಕೈಯೇ ಅಚ್ಚು ಹಾಕಿಸುವ ಕೈಯೂ ಆದಾಗ ಹಸ್ತಪ್ರತಿಗೆ ಸಿಗುವ ಮರ್ಯಾದೆ ಬೇರೆ.

ಆ ಮರ್ಯಾದೆ ಅಂದರೆ ಏನು ಎಂದು ತಿಳಿಯಲು ಆ ಕಾಲದ ಪುಸ್ತಕವೊಂದನ್ನು ಕೈಗೆತ್ತಿಕೊಳ್ಳಬೇಕು. ಪುಟದ ಹಿಂಬದಿಗೆ ಬೆರಳಾಡಿಸಿದರೆ ಅಕ್ಷರದ ಒತ್ತು ತಾಗುತ್ತದೆ. ಮೊಳೆ ಕಾಗದಕ್ಕೆ ಒತ್ತಿದ ಗುರುತು ಅದು. ಕಂಪೋಸಿಟರ್ ಒಂದೊಂದೇ ಸೀಸದ ಮೊಳೆಯನ್ನು ಗೂಡಿನಿಂದ ಹೆಕ್ಕಿ, ತಿರುವುಮುರುವಾಗಿ ಜೋಡಿಸಬೇಕು. ಕನ್ನಡದಲ್ಲಿ ಕಷ್ಟ ಹೆಚ್ಚು. ಗುಣಿತದ ಕೊಂಬು, ಕೊಂಡಿ ಬೇರೆ, ಒತ್ತಕ್ಷರ ಬೇರೆ. ‘ಸಂಸ್ಕಾರ’ ಎಂಬ ಒಂದೇ ಶಬ್ದಕ್ಕೆ ಕೈ ಎಷ್ಟು ಗೂಡು ತಡಕಬೇಕು ನೋಡಿ. ಹದಿನಾರು ಪುಟಕ್ಕೆ ಒಂದು ಫಾರ್ಮು. ಮುದ್ರಣಾಲಯದಲ್ಲಿ ಮೊಳೆ ಸಾಕಷ್ಟು ಇರುವುದಿಲ್ಲ, ಹಾಗಾಗಿ ಒಂದು ಫಾರ್ಮು ಅಚ್ಚಾದೊಡನೆ ಅದನ್ನು ಬಿಚ್ಚಿ ಅದೇ ಮೊಳೆಗಳಲ್ಲಿ ಮುಂದಿನದನ್ನು ಜೋಡಿಸಬೇಕು. ಬಿಚ್ಚಿದ ಮೇಲೆ ಲೇಖಕನಿಗೆ ಒಂದು ಸಾಲು ತಿದ್ದಬೇಕೆನಿಸಿದರೂ ಆಗದು. ಆದ್ದರಿಂದ ತಿದ್ದುವ, ಕತ್ತರಿಸುವ, ಜಗಳಾಡುವ ಕೆಲಸವೆಲ್ಲ ಹಸ್ತಪ್ರತಿ ಮುದ್ರಣಾಲಯಕ್ಕೆ ಹೋಗುವ ಮೊದಲೇ ಮುಗಿಯಬೇಕು. ಗೆಳೆಯರ ಎದುರಿನ ಓದು ಆಗ ಶೋಕಿಯಲ್ಲ, ಅಗತ್ಯ.

ಅಟ್ಟದಲ್ಲಿ ಆ ಓದಿನ ಹೊಣೆ ಹೊತ್ತವರು ವಿಮರ್ಶಕ ಕೀರ್ತಿನಾಥ ಕುರ್ತಕೋಟಿ. ಮೊದಲ ಗುಂಪಿನವರು ಅಷ್ಟೊತ್ತಿಗೆ ಚದುರಿದ್ದರು. ಬೇಂದ್ರೆ ಸೊಲ್ಲಾಪುರದ ಕಾಲೇಜಿಗೆ, ಮುಗಳಿ ಸಾಂಗ್ಲಿಗೆ, ಗೋಕಾಕರು ಊರಿಂದೂರಿಗೆ ಪ್ರಾಂಶುಪಾಲರಾಗಿ. ಗ್ರಂಥಮಾಲೆ ಮಾತ್ರ ಧಾರವಾಡ ಬಿಡಲಿಲ್ಲ. ಗುಜರಾತಿನ ಆಣಂದದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಕುರ್ತಕೋಟಿಯವರ ಮನಸ್ಸೂ ಅಟ್ಟದಲ್ಲೇ ಇತ್ತು. ಮಾಲೆಯ ಬೆಳ್ಳಿಹಬ್ಬಕ್ಕೆಂದು ‘ನಡೆದು ಬಂದ ದಾರಿ’ ಸಂಪುಟಗಳು ಸಿದ್ಧವಾದವು, ಕುರ್ತಕೋಟಿಯವರ ಪ್ರಸಿದ್ಧ ಗ್ರಂಥ ‘ಯುಗಧರ್ಮ ಹಾಗೂ ಸಾಹಿತ್ಯ ದರ್ಶನ’ ಅದೇ ಕೆಲಸದಿಂದ ಬೆಳೆಯಿತು. ಒಂದು ಪ್ರಕಾಶನದ ಹಬ್ಬಕ್ಕೆ ಹಾರ, ಶಾಲು, ಸ್ಮರಣ ಸಂಚಿಕೆ ಬದಲು ಕನ್ನಡದ ಶ್ರೇಷ್ಠ ವಿಮರ್ಶಾ ಗ್ರಂಥವೊಂದು ಬಂತು. ಇದನ್ನು ಇಂದಿನ ಸಂಘ ಸಂಸ್ಥೆಗಳು ಗಮನಿಸಬೇಕು.

ಕುರ್ತಕೋಟಿಯವರ ಮಾತು ಏನು ಮಾಡಬಲ್ಲದು ಎಂಬುದಕ್ಕೆ ಒಂದು ಉದಾಹರಣೆ. ಗಿರೀಶ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನ ಹುಡುಗ. ಇಂಗ್ಲಿಷ್ ಕವಿಯಾಗುವ ಕನಸು ಹೊತ್ತು ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿನಲ್ಲಿ, ತಾವೇ ಬೆರಗಾಗುವಂತೆ ಕನ್ನಡದಲ್ಲಿ ‘ಯಯಾತಿ’ ಬರೆದರು. 1961ರಲ್ಲಿ ಗ್ರಂಥಮಾಲೆ ಅದನ್ನು ಅಚ್ಚು ಮಾಡಿದಾಗ ಅವರಿನ್ನೂ ವಿದ್ಯಾರ್ಥಿ. ಕನ್ನಡದಲ್ಲಿ ಗಟ್ಟಿಯಾದ ಚಾರಿತ್ರಿಕ ನಾಟಕಗಳಿಲ್ಲ ಎಂಬ ಕುರ್ತಕೋಟಿಯವರ ಮಾತು ತಮ್ಮನ್ನು ಕೆಣಕಿತೆಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ. ಆ ಕೆಣಕಿನ ಫಲ 1964ರ ‘ತುಘಲಕ್’. ಒಬ್ಬ ವಿಮರ್ಶಕನ ಒಂದು ಅಸಮಾಧಾನದಿಂದ ಭಾರತದ ರಂಗಭೂಮಿಗೆ ಒಂದು ಮಹತ್ವದ ನಾಟಕ ದಕ್ಕಿತು. ಬರಹಗಾರರ ಕೂಟದಿಂದ ಆಗಬೇಕಾದ ಕೆಲಸ ಇದೇ ಅಲ್ಲವೆ?

ಇನ್ನೊಂದು ಕೊಂಡಿ. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದುವಾಗ ಬರೆದ ‘ಸಂಸ್ಕಾರ’ ಧಾರವಾಡದಿಂದ ಪ್ರಕಟವಾಯಿತು. ಅದು ಸಿನಿಮಾ ಆದಾಗ ಪ್ರಾಣೇಶಾಚಾರ್ಯನಾದವರು ಕಾರ್ನಾಡ. 1976ರಲ್ಲಿ ಅದನ್ನು ಇಂಗ್ಲಿಷಿಗೆ ತಂದವರು ರಾಮಾನುಜನ್. ಆ ರಾಮಾನುಜನ್ ಹಿಂದೆ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದವರು. ಷಿಕಾಗೋದಲ್ಲಿ ಕೂತು ಬರೆದರೂ ತಮ್ಮ ಮೊದಲ ಕನ್ನಡ ಕವನ ಸಂಕಲನವನ್ನು 1969ರಲ್ಲಿ ಕೊಟ್ಟದ್ದು ಇದೇ ಅಟ್ಟಕ್ಕೆ. ಬರೆದವರು, ನಟಿಸಿದವರು, ಅನುವಾದಿಸಿದವರು ಮೂವರೂ ಒಂದೇ ಪ್ರಕಾಶಕರ ಲೇಖಕರು.

ಪ್ರಶಸ್ತಿಗಳ ಲೆಕ್ಕ ಹೇಳದಿದ್ದರೆ ಓದುಗರು ಕೇಳುತ್ತಾರೆ. ಮೊದಲ ಗುಂಪಿನಿಂದಲೇ ಮುಗಳಿ 1956ರಲ್ಲಿ, ಬೇಂದ್ರೆ 1958ರಲ್ಲಿ, ಗೋಕಾಕ 1960ರಲ್ಲಿ, ಶಂಬಾ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪುರಸ್ಕಾರ ಪಡೆದರು. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳಲ್ಲಿ ಬೇಂದ್ರೆ, ಗೋಕಾಕರದು ಎರಡು. ಇನ್ನೆರಡು ಅನಂತಮೂರ್ತಿ, ಕಾರ್ನಾಡರದು. ಒಬ್ಬರ ಮೊದಲ ಕಾದಂಬರಿ, ಇನ್ನೊಬ್ಬರ ಮೊದಲ ನಾಟಕ ಅಟ್ಟದ್ದೇ. ಎಂಟರಲ್ಲಿ ನಾಲ್ಕು. ಬೇರೆ ಊರುಗಳಿಗೆ ಇಂಥ ಭಾಗ್ಯ ಇಲ್ಲ.

ಆದರೆ ಭಾಗ್ಯ ಎಂದು ಬಿಡುವುದು ಸರಿಯಲ್ಲ. ಶಂಬಾ ಜೋಶಿಯವರಂಥವರು ಬರೆದ ಸಂಸ್ಕೃತಿ ಸಂಶೋಧನೆ ಇವತ್ತಿಗೂ ಕೆಲವೇ ಓದುಗರಿಗೆ ತಾಗುವ ಬರಹ. ಅದನ್ನು ಬರೆಯಲು ಬೇಕಾದ ಹಟ, ಕೇಳಲು ಬೇಕಾದ ತಾಳ್ಮೆ ಎರಡನ್ನೂ ಗೆಳೆಯರು ಒಬ್ಬರಿಗೊಬ್ಬರು ಕೊಟ್ಟರು. ಈಗ ಪುಸ್ತಕ ತರುವುದು ಸುಲಭ. ಮೊಳೆ ಇಲ್ಲ, ಫಾರ್ಮು ಬಿಚ್ಚುವ ಅವಸರವಿಲ್ಲ, ಬೇಕಾದರೆ ಐವತ್ತೇ ಪ್ರತಿ ಹಾಕಿಸಬಹುದು. ಆದರೆ ಹಸ್ತಪ್ರತಿಯನ್ನು ಮುಂದಿಟ್ಟುಕೊಂಡು ಇದು ಸಾಲದು, ಮತ್ತೆ ಬರೆ ಎನ್ನುವ ಗೆಳೆಯ ಸಿಗುವುದು ಕಷ್ಟವಾಗಿದೆ. ಬಿಡುಗಡೆ ಸಮಾರಂಭದ ಹೊಗಳಿಕೆ ಆ ಗೆಳೆಯನ ಜಾಗ ತುಂಬಲಾರದು.

ಜಿ.ಬಿ. 1993ರಲ್ಲಿ ತೀರಿಕೊಂಡರು. ಮಗ ರಮಾಕಾಂತ ಜೋಶಿಯವರು ಮಾಲೆಯನ್ನು ಮುಂದುವರಿಸಿದರು, ಮೊಮ್ಮಗ ಸಮೀರ ಜೋಶಿ ಮೂರನೆಯ ತಲೆಮಾರು. 2011ರಲ್ಲಿ ಕಾರ್ನಾಡರ ಆತ್ಮಕಥೆ ಬಂದದ್ದೂ ಇಲ್ಲಿಂದಲೇ. ಅದರ ಹೆಸರು ‘ಆಡಾಡತಾ ಆಯುಷ್ಯ’, ಬೇಂದ್ರೆಯವರ ಸಾಲಿನಿಂದ ಎತ್ತಿಕೊಂಡದ್ದು. ಗೆಳೆಯರ ಗುಂಪು ಕೂಡಿ ಆಗ ಸುಮಾರು ತೊಂಬತ್ತು ವರ್ಷ.

ಒಂದು ಸಂಕಟವಿದೆ. ಪುಸ್ತಕಗಳು ಉಳಿದಿವೆ, ಅವುಗಳ ಹಿಂದಿನ ಮಾತುಕತೆಯಲ್ಲಿ ಬಹುಪಾಲು ಬರಹಕ್ಕೆ ಇಳಿಯಲೇ ಇಲ್ಲ. ಯಾವ ಅಂಕ ಯಾರ ಮಾತಿಗೆ ಬದಲಾಯಿತು, ಯಾವ ಅಧ್ಯಾಯ ಯಾರ ಹಟಕ್ಕೆ ಉಳಿಯಿತು ಎಂಬುದನ್ನು ಹೇಳಬಲ್ಲವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಉಳಿದಿರುವುದು ಪತ್ರಗಳು, ಚಂದಾ ರಸೀದಿಗಳು, ಅಂಚಿನಲ್ಲಿ ಪೆನ್ಸಿಲ್ ಗುರುತಿರುವ ಹಳೆಯ ಪ್ರತಿಗಳು. ಅವು ಇರುವುದು ಗದಗ, ಹಾವೇರಿ, ವಿಜಯಪುರ, ಬೆಳಗಾವಿ, ಮುಂಬಯಿಯ ಹಳೆಯ ಚಂದಾದಾರರ ಮನೆಗಳ ಟ್ರಂಕುಗಳಲ್ಲಿ. ನಿಮ್ಮ ಅಜ್ಜನೋ ಅಜ್ಜಿಯೋ ಗ್ರಂಥಮಾಲೆಯ ಚಂದಾದಾರರಾಗಿದ್ದರೆ ಆ ಟ್ರಂಕನ್ನು ರದ್ದಿಯವನಿಗೆ ತೂಗಿ ಕೊಡುವ ಮುನ್ನ ಒಮ್ಮೆ ಬಿಚ್ಚಿ ನೋಡಿ. ಒಂದು ಪೋಸ್ಟ್‌ಕಾರ್ಡು ಸಿಕ್ಕರೂ ಅದನ್ನು ಅಟ್ಟಕ್ಕೋ, ವಿದ್ಯಾವರ್ಧಕ ಸಂಘಕ್ಕೋ, ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೋ ಮುಟ್ಟಿಸಿ.