ಚೌಲ, ಜಾವಳ, ಮುಡಿ: ಮಗುವಿನ ಮೊದಲ ಕ್ಷೌರ

ಮಗುವಿನ ಹುಟ್ಟುಗೂದಲನ್ನು ಮೊದಲ ಬಾರಿಗೆ ತೆಗೆಸುವ ವಿಧಿಯನ್ನು ಶಾಸ್ತ್ರಗ್ರಂಥಗಳು ಚೌಲ ಅಥವಾ ಚೂಡಾಕರ್ಮ ಎಂದು ಕರೆದರೆ, ಉತ್ತರ ಕರ್ನಾಟಕದ ಮನೆಗಳಲ್ಲಿ ಅದು ಜಾವಳ, ಹಳೆಯ ಮೈಸೂರಿನ ಕಡೆ ಮುಡಿ ಕೊಡುವುದು. ಹದಿನಾರು ಸಂಸ್ಕಾರಗಳಲ್ಲಿ ಒಂದಾದ ಈ ಕರ್ಮವು ಗ್ರಂಥಗಳ ಪ್ರಕಾರ ಅಗ್ನಿಯ ಸನ್ನಿಧಿಯಲ್ಲಿ ನಡೆಯತಕ್ಕದ್ದಾದರೂ ಜನರ ರೂಢಿಯಲ್ಲಿ ಬಹುಮಟ್ಟಿಗೆ ಮನೆದೇವರಿಗೆ ಸಲ್ಲಿಸುವ ಹರಕೆಯಾಗಿ ಉಳಿದುಬಂದಿದೆ.

ಗೃಹಸ್ಥನು ನಡೆಸಬೇಕಾದ ಕರ್ಮಗಳನ್ನು ವಿವರಿಸುವ ಗೃಹ್ಯಸೂತ್ರಗಳಲ್ಲಿ ಒಂದಾದ ಆಶ್ವಲಾಯನ ಗೃಹ್ಯಸೂತ್ರವು ಚೌಲವನ್ನು ಮೂರನೆಯ ವರ್ಷದಲ್ಲಿ, ಇಲ್ಲವೇ ಆಯಾ ಕುಲದ ಪದ್ಧತಿಯಂತೆ ಮಾಡಬೇಕೆಂದು ವಿಧಿಸುತ್ತದೆ. ಅದರ ವಿವರಣೆಯಂತೆ ಅಗ್ನಿಯ ಉತ್ತರಕ್ಕೆ ಭತ್ತ, ಜವೆ, ಉದ್ದು, ಎಳ್ಳು ತುಂಬಿದ ಪಾತ್ರೆಗಳನ್ನಿರಿಸಿ, ಪಶ್ಚಿಮಕ್ಕೆ ಮಗುವನ್ನು ತಾಯಿಯ ಮಡಿಲಲ್ಲಿ ಕೂರಿಸಿ, ಹತ್ತಿರದಲ್ಲೇ ಹೊಸ ಪಾತ್ರೆಯಲ್ಲಿ ಎತ್ತಿನ ಸಗಣಿಯನ್ನೂ ಬನ್ನಿಯ ಎಲೆಗಳನ್ನೂ ಇಡಲಾಗುತ್ತದೆ. ತಂದೆಯು ತಾಯಿಯ ದಕ್ಷಿಣಕ್ಕೆ 21 ದರ್ಭೆಯ ಕಟ್ಟುಗಳನ್ನು ಹಿಡಿದು ನಿಂತು, ತಣ್ಣೀರಿಗೆ ಬಿಸಿನೀರು ಬೆರೆಸಿ, ಬೆಣ್ಣೆ ಅಥವಾ ಮೊಸರಿನೊಡನೆ ಮಗುವಿನ ತಲೆಯನ್ನು ತೋಯಿಸುತ್ತಾನೆ. ಬಳಿಕ ದರ್ಭೆಯನ್ನು ಕೂದಲಿನ ನಡುವೆ ಇರಿಸಿ, ಅದು ಮಗುವನ್ನು ಕಾಯಲೆಂದೂ ಕತ್ತಿಯು ನೋಯಿಸದಿರಲೆಂದೂ ಮಂತ್ರಮುಖೇನ ಬೇಡಿ, ಕತ್ತರಿಸಿದ ಕೂದಲನ್ನು ಬನ್ನಿಯ ಎಲೆಯೊಡನೆ ತಾಯಿಗೆ ಕೊಟ್ಟರೆ ಆಕೆ ಅದನ್ನು ಸಗಣಿಯ ಮೇಲಿಡುತ್ತಾಳೆ. ಉಳಿದ ಕ್ಷೌರವನ್ನು ಗಾಯವಾಗದಂತೆ ಮುಗಿಸಬೇಕೆಂದು ಕ್ಷೌರಿಕನಿಗೆ ಹೇಳಲಾಗುತ್ತದೆ. ಚೌಲದ ಅರ್ಥವನ್ನು ಕುರಿತು ಎಷ್ಟೇ ತಾತ್ತ್ವಿಕ ವ್ಯಾಖ್ಯಾನಗಳಿದ್ದರೂ, ಎಳೆಯ ತಲೆಯ ಬಳಿಗೆ ಹರಿತವಾದ ಲೋಹ ಬರುವಾಗ ಹೆತ್ತವರಲ್ಲಿ ಹುಟ್ಟುವ ಭಯವೇ ಈ ಮಂತ್ರಗಳ ಹಿಂದೆ ಸ್ಪಷ್ಟವಾಗಿ ಕಾಣುತ್ತದೆ. ಹೆಣ್ಣುಮಗುವಿಗೂ ಇದೇ ಕ್ರಿಯೆಯನ್ನು ಮಂತ್ರಗಳಿಲ್ಲದೆ ನಡೆಸಬೇಕೆಂದು ಸೂತ್ರವು ಹೇಳುವುದರಿಂದ, ಚೌಲವು ಗಂಡುಮಗುವಿಗೆ ಮಾತ್ರ ಎಂಬ ವಾದಕ್ಕೆ ಅಲ್ಲಿ ಆಧಾರವಿಲ್ಲ.

ಚೂಡಾ ಎಂದರೆ ಜುಟ್ಟು. ತಲೆಯನ್ನು ಪೂರ್ತಿ ಬೋಳಿಸದೆ ಜುಟ್ಟನ್ನು ಉಳಿಸುವುದು ಈ ಕರ್ಮದ ಮೂಲ ಉದ್ದೇಶಗಳಲ್ಲಿ ಒಂದಾಗಿತ್ತು. ವಸಿಷ್ಠ ಗೋತ್ರದವರಿಗೆ ಬಲಭಾಗದಲ್ಲಿ ಒಂದು, ಅತ್ರಿ ಮತ್ತು ಕಶ್ಯಪರಿಗೆ ಎರಡೂ ಕಡೆ, ಅಂಗಿರಸರಿಗೆ ಐದು ಎಂಬ ಭೇದಗಳಿದ್ದವು. ಚೌಲದ ನಂತರವೇ ಅಕ್ಷರಾಭ್ಯಾಸ ಮತ್ತು ಲೆಕ್ಕದ ಕಲಿಕೆ ಎಂದು ಕೌಟಿಲ್ಯನ ಅರ್ಥಶಾಸ್ತ್ರವು ರಾಜಪುತ್ರರಿಗೆ ಕ್ರಮ ಹಾಕಿದ್ದು, ಕಾಳಿದಾಸನ ರಘುವಂಶದಲ್ಲಿ ಬಾಲಕ ರಘುವೂ ಇದೇ ಕ್ರಮದಲ್ಲಿ ಲಿಪಿ ಕಲಿಯುತ್ತಾನೆ. ಇಂದು ಅನೇಕ ಬ್ರಾಹ್ಮಣ ಕುಟುಂಬಗಳು ಚೌಲವನ್ನು ಉಪನಯನದ ಜೊತೆಗೇ ಮುಗಿಸುವುದರಿಂದ ಆ ಹಳೆಯ ಅನುಕ್ರಮ ತಲೆಕೆಳಗಾಗಿದೆ.

ಜನಪದ ರೂಢಿಯಲ್ಲಿ ತಂದೆಯ ಸ್ಥಾನಕ್ಕೆ ಸೋದರಮಾವ ಬರುತ್ತಾನೆ. ಒಂಬತ್ತು ಅಥವಾ ಹನ್ನೊಂದನೆಯ ತಿಂಗಳಲ್ಲೋ ಮೂರನೆಯ ವರ್ಷದಲ್ಲೋ, ಅಂತೂ ಬೆಸಸಂಖ್ಯೆ ನೋಡಿ, ಅವನ ತೊಡೆಯ ಮೇಲೆ ಮಗುವನ್ನು ಕೂರಿಸಿ, ಅವನಿಂದಲೇ ಮೊದಲ ಎಳೆಗಳನ್ನು ತೆಗೆಸಿ, ನಂತರ ಕ್ಷೌರಿಕನಿಗೆ ಒಪ್ಪಿಸುವುದುಂಟು. ಬಟ್ಟೆ, ಉಡುದಾರದಂಥ ಉಡುಗೊರೆ ಮಾವನದು, ಅಕ್ಕಿ, ತೆಂಗಿನಕಾಯಿ, ಎಲೆಅಡಿಕೆ, ದಕ್ಷಿಣೆ ಕ್ಷೌರಿಕನ ಪಾಲು. ನಂಜನಗೂಡು, ಮಲೆ ಮಹದೇಶ್ವರ ಬೆಟ್ಟ, ಧರ್ಮಸ್ಥಳ, ತಿರುಮಲೆಗಳಲ್ಲಿ ಮುಡಿ ಒಪ್ಪಿಸಿ, ಸ್ನಾನ ಮಾಡಿಸಿ, ಬೋಳುತಲೆಗೆ ಗಂಧ ಬಳಿಯುವುದು ಸಾಮಾನ್ಯ ನೋಟ.

ಬೋಳಿಸಿದರೆ ಕೂದಲು ದಟ್ಟವಾಗಿ ಬೆಳೆಯುತ್ತದೆ ಎಂಬ ನಂಬಿಕೆಗೆ ಮಾತ್ರ ಆಧಾರವಿಲ್ಲ. ಕೂದಲಿನ ಬೇರು ಚರ್ಮದ ಒಳಗಿರುವುದರಿಂದ ಮೇಲಿನ ಕತ್ತಿ ಅದನ್ನು ಮುಟ್ಟುವುದಿಲ್ಲ; ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಹೊಸ ಕೂದಲು ದಪ್ಪವೆಂದು ತೋರುತ್ತದೆ, ಅಷ್ಟೆ. ಅಮೆರಿಕದ ಅಂಗರಚನಾ ಶಾಸ್ತ್ರಜ್ಞೆ ಮಿಲ್ಡ್ರೆಡ್ ಟ್ರಾಟರ್ 1928ರಷ್ಟು ಹಿಂದೆಯೇ, ಬೋಳಿಸುವುದರಿಂದ ಕೂದಲಿನ ಬೆಳವಣಿಗೆ ಬದಲಾಗದೆಂದು ತೋರಿಸಿದ್ದರು.

ಮಗುವಿನ ನೆತ್ತಿಯ ಮೆತ್ತನೆಯ ಭಾಗವು ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಮುಚ್ಚಿಕೊಳ್ಳುವುದರಿಂದ ಮೂರನೆಯ ವರ್ಷವೆಂಬ ಸೂತ್ರದ ವಿಧಿ ವೈದ್ಯದೃಷ್ಟಿಯಿಂದಲೂ ಹಿತಕರವೇ. ಒಬ್ಬರಿಗೆ ಬಳಸಿದ ಬ್ಲೇಡಿನಿಂದ ಹೆಪಟೈಟಿಸ್ ಬಿಯಂಥ ಸೋಂಕು ಹರಡಬಲ್ಲದಾದ್ದರಿಂದ, ಹರಕೆಯ ಕ್ಷೇತ್ರವಾಗಲಿ ಮನೆಯಂಗಳವಾಗಲಿ, ಹೊಸ ಬ್ಲೇಡನ್ನು ಹೆತ್ತವರು ತಮ್ಮ ಕಣ್ಣೆದುರೇ ಬಿಚ್ಚಿಸಬೇಕು. ಮಗುವಿಗೆ ಜ್ವರವೋ ತಲೆಯಲ್ಲಿ ಹುಣ್ಣೋ ಇದ್ದರೆ, ಮುಹೂರ್ತ ಎಷ್ಟೇ ಚೆನ್ನಾಗಿದ್ದರೂ ಕ್ಷೌರವನ್ನು ಮುಂದೂಡಬೇಕು.