ಕೊರಳಿನ ಗಂಟು ಮತ್ತು ಮನೆತನದ ಮಾತು

ನೋವಿಲ್ಲದ ಕೊರಳಿನ ಗಂಟಿಗಾಗಿ ಬ್ರಹ್ಮಗಿರಿಯ ಕಡೆಯಿಂದ ಬಳ್ಳಾರಿಗೋ ಚಿತ್ರದುರ್ಗಕ್ಕೋ ಬಸ್ಸು ಹತ್ತುವವರು ವಿರಳ. ಗಳಗಂಡವೆಂದು ಹೇಳಿ ಸುಮ್ಮನಾಗುವುದೇ ಹೆಚ್ಚು. ಇಂಥ ಗಂಟುಗಳಲ್ಲಿ ಬಹುಪಾಲು ನಿರಪಾಯಕಾರಿಯೇ ಸರಿ. ಕ್ಯಾನ್ಸರ್ ಆಗಿದ್ದರೂ ಥೈರಾಯ್ಡ್ ಕ್ಯಾನ್ಸರಿನ ಸಾಮಾನ್ಯ ಬಗೆಗಳು ಚಿಕಿತ್ಸೆಗೆ ಚೆನ್ನಾಗಿ ಮಣಿಯುತ್ತವೆ. ನೂರು ರೋಗಿಗಳಲ್ಲಿ ಐವರಿಗೂ ಮೀರದಷ್ಟು ಅಪರೂಪವಾದ ಮೆಡ್ಯುಲರಿ ಎಂಬ ಬಗೆಯ ಜಾಡು ಮಾತ್ರ ಬೇರೆ.

ಇದು ಹುಟ್ಟುವುದು ಥೈರಾಯ್ಡ್ ಹಾರ್ಮೋನನ್ನು ತಯಾರಿಸುವ ಕೋಶಗಳಲ್ಲಲ್ಲ; ಅವುಗಳ ನಡುವೆ ಹುದುಗಿರುವ ಸಿ ಕೋಶಗಳಲ್ಲಿ. ಇವು ಅಯೋಡಿನನ್ನು ಹೀರುವುದಿಲ್ಲ. ಆದುದರಿಂದ ಇತರ ಬಗೆಗಳಿಗೆ ನೆರವಾಗುವ ವಿಕಿರಣ ಅಯೋಡಿನ್ ಇಲ್ಲಿ ನಿಷ್ಪ್ರಯೋಜಕ. ಇಡೀ ಗ್ರಂಥಿಯನ್ನೂ ಕತ್ತಿನ ನಡುಭಾಗದ ದುಗ್ಧಗ್ರಂಥಿಗಳನ್ನೂ ಶಸ್ತ್ರಕ್ರಿಯೆಯಿಂದ ತೆಗೆಯುವುದೇ ಮುಖ್ಯ ಚಿಕಿತ್ಸೆ. ಹೀಗಾಗಿ, ರೋಗ ಪತ್ತೆಯಾದ ದಿನ ಅದು ಎಲ್ಲಿಯವರೆಗೆ ಹರಡಿತ್ತು ಎಂಬುದರ ಮೇಲೆಯೇ ರೋಗಿಯ ಮುಂದಿನ ಆಯುಷ್ಯ ಬಹುಮಟ್ಟಿಗೆ ನಿಂತಿದೆ. ಅಮೆರಿಕದ ದಾಖಲೆಗಳ ಲೆಕ್ಕದಂತೆ, ಗ್ರಂಥಿಯೊಳಗೇ ಇದ್ದಾಗ ಪತ್ತೆಯಾದವರಲ್ಲಿ ನೂರಕ್ಕೆ ಸುಮಾರು 95 ಮಂದಿ 10 ವರ್ಷಗಳ ಬಳಿಕವೂ ಬದುಕಿದ್ದರು. ಕತ್ತಿನ ದುಗ್ಧಗ್ರಂಥಿಗಳಿಗೆ ಹಬ್ಬಿದ್ದವರಲ್ಲಿ ಸುಮಾರು 75. ಯಕೃತ್ತು, ಶ್ವಾಸಕೋಶ, ಮೂಳೆಗಳಂಥ ದೂರದ ಅಂಗಗಳನ್ನು ತಲುಪಿದ್ದವರಲ್ಲಿ ಸುಮಾರು 40.

ಸಿ ಕೋಶಗಳು ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಶಸ್ತ್ರಕ್ರಿಯೆಯ ತರುವಾಯ ಅದು ಪರೀಕ್ಷೆಗೆ ಸಿಗದಷ್ಟು ಇಳಿದರೆ ಶುಭಸೂಚನೆ. ಉಳಿದರೂ ಕಂಗೆಡಬೇಕಾಗಿಲ್ಲ. ಅದು ಇಮ್ಮಡಿಯಾಗಲು ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುವವರು ಸಾಮಾನ್ಯವಾಗಿ ಬಹುಕಾಲ ಬಾಳುತ್ತಾರೆ. ಆರು ತಿಂಗಳೊಳಗೇ ಇಮ್ಮಡಿಯಾದರೆ ರೋಗ ಉಗ್ರವಾದುದೆಂದು ತಿಳಿಯಬೇಕು. ಹಳೆಯ ರಕ್ತಪರೀಕ್ಷೆಯ ವರದಿಗಳನ್ನು ಎಸೆಯಬಾರದೆನ್ನುವುದು ಇದಕ್ಕಾಗಿಯೇ. ಒಂಟಿ ಅಂಕಿಯಿಂದ ಈ ವೇಗ ತಿಳಿಯದು.

ನಾಲ್ವರು ರೋಗಿಗಳಲ್ಲಿ ಒಬ್ಬರಿಗೆ ಈ ರೋಗ ವಂಶದಿಂದ ಬಂದದ್ದು. ರೆಟ್ ಎಂಬ ವಂಶವಾಹಿಯ ದೋಷ ಇದಕ್ಕೆ ಕಾರಣವೆಂದು 1993ರಲ್ಲಿ ತಿಳಿದುಬಂತು. ಸೋದರಿಕೆಯ ಮದುವೆಯನ್ನು ದೂರುವುದು ಇಲ್ಲಿ ಸಲ್ಲದು. ತಂದೆ ತಾಯಿಯರಲ್ಲಿ ಒಬ್ಬರಿಗೆ ದೋಷವಿದ್ದರೂ ಸಾಕು, ಗಂಡಾಗಲಿ ಹೆಣ್ಣಾಗಲಿ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ರಕ್ತದ ವಂಶವಾಹಿ ಪರೀಕ್ಷೆಯಿಂದ ಇದನ್ನು ಮೊದಲೇ ಅರಿಯಬಹುದು. ಹೆಚ್ಚು ಅಪಾಯದ ದೋಷವಿರುವ ಮಗುವಿಗೆ ಐದು ವರ್ಷದೊಳಗೇ ಗ್ರಂಥಿಯನ್ನು ತೆಗೆದು ಕ್ಯಾನ್ಸರನ್ನೇ ತಪ್ಪಿಸಲು ಸಾಧ್ಯ. ಆಮೇಲೆ ಜೀವನಪೂರ್ತಿ ದಿನಕ್ಕೊಂದು ಥೈರಾಯ್ಡ್ ಮಾತ್ರೆ ನುಂಗಿದರಾಯಿತು. ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ರೋಗದ ಹೆಸರನ್ನೇ ಅಡಗಿಸುವ ಮನೆಗಳಲ್ಲಿ ಈ ಅವಕಾಶ ಕೈತಪ್ಪುತ್ತದೆ. ಅಣ್ಣನ ರೋಗ ತಮ್ಮನ ಮಕ್ಕಳಿಗೆ ತಿಳಿಯುವುದೇ ಇಲ್ಲ.

ಈ ವಂಶದೋಷವುಳ್ಳ ಕೆಲವರಿಗೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲೂ ಗಡ್ಡೆಯಾಗುತ್ತದೆ. ಅದನ್ನು ಗುರುತಿಸದೆ ಕೊರಳಿನ ಶಸ್ತ್ರಕ್ರಿಯೆಗೆ ತೊಡಗಿದರೆ ಅರಿವಳಿಕೆಯ ವೇಳೆ ರಕ್ತದೊತ್ತಡ ಹಠಾತ್ತನೆ ಏರಿ ಪ್ರಾಣಾಪಾಯ ಒದಗಬಹುದು. ಬಳ್ಳಾರಿಯ ಆಸ್ಪತ್ರೆಗೇ ಹೋಗಲಿ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೇ ಹೋಗಲಿ, ಮನೆಯ ಹಿರಿಯರಲ್ಲಿ ಯಾರಿಗಾದರೂ ಕೊರಳಿನ ಗಂಟು, ಎಳೆವಯಸ್ಸಿನಲ್ಲೇ ರಕ್ತದೊತ್ತಡ ಅಥವಾ ಹಠಾತ್ ಮರಣ ಸಂಭವಿಸಿತ್ತೇ ಎಂಬುದನ್ನು ಮೊದಲ ಭೇಟಿಯಲ್ಲೇ ವೈದ್ಯರಿಗೆ ತಿಳಿಸಬೇಕು.