ಸೋರುವ ಮಾಳಿಗೆಯ ಪದ

ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹಳ್ಳಿಗಳಿಗೆ ತತ್ವಪದಗಳು ಹೊಸವಲ್ಲ. ಭಜನೆಮನೆಯಲ್ಲಿ ನನ್ನ ಅಜ್ಜನವರು ಏಕತಾರಿ ಮೀಟುತ್ತ ಶಿಶುನಾಳ ಶರೀಫರ (೧೮೧೯-೧೮೮೯) ಪದಗಳನ್ನು ಹಾಡುವಾಗ ನಾನು ಹೊರಗೆ ಆಡುತ್ತಿದ್ದೆ. ಆ ಪದಗಳಿಗೆ ನಾನು ಕಿವಿಗೊಟ್ಟುದು ರಘು ದೀಕ್ಷಿತರ ಗಿಟಾರಿನಿಂದ.

೨೦೦೮ರಲ್ಲಿ ಹೊರಬಂದ ಅವರ ಮೊದಲ ಧ್ವನಿಸಂಪುಟದಲ್ಲಿ ಹಿಂದೀ ಹಾಡುಗಳೇ ಹೆಚ್ಚು. ಕನ್ನಡದವು ಶರೀಫರ ಎರಡು ಪದಗಳು. ೨೦೧೦ರಲ್ಲಿ ಅವರ ತಂಡ ಬಿ.ಬಿ.ಸಿ. ದೂರದರ್ಶನದಲ್ಲಿ ಹಾಡಿತು. ೨೦೧೧ರಲ್ಲಿ ಇಂಗ್ಲೆಂಡಿನ ‘ಸಾಂಗ್‌ಲೈನ್ಸ್’ ಪತ್ರಿಕೆ ದೀಕ್ಷಿತರಿಗೆ ಹೊಸ ಕಲಾವಿದರ ಪ್ರಶಸ್ತಿಯನ್ನಿತ್ತಿತು. ಕನ್ನಡವರಿಯದವರೂ ನಾದಕ್ಕೆ ಮನಸೋತರು.

ಅಜ್ಜನವರಿಗೆ ಅದನ್ನು ಕೇಳಿಸಿದೆ. “ತಾಳ ಜೋರಾಯಿತು, ಮಾತಿಗೆ ನಿಲ್ಲಲು ಜಾಗವಿಲ್ಲ,” ಎಂದರು. ಬಳಿಕ ತಾವೇ ನಿಧಾನವಾಗಿ ಹಾಡಿ ಬಿಡಿಸಿ ಹೇಳಿದರು: ಮನೆಯೆಂದರೆ ದೇಹ, ಮಾಳಿಗೆ ಸೋರುವುದು ಮಳೆಯಿಂದಲ್ಲ, ಅಜ್ಞಾನದಿಂದ.

ಅವರ ವಿಮರ್ಶೆ ನ್ಯಾಯವಾದದ್ದೇ. ಬೀದಿಗೆ ಕೇಳಿಸುವಂತೆ ಹಾಡುವುದು ಬೇರೆ, ಎದುರಿಗೆ ಕುಳಿತವನಿಗೆ ತಿಳಿಯುವಂತೆ ಹಾಡುವುದು ಬೇರೆ. ಆದರೆ ಆ ಗಿಟಾರು ಕರೆಯದಿದ್ದರೆ ನಾನು ಅಜ್ಜನವರ ಬಳಿ ಅರ್ಥ ಕೇಳಲು ಕೂಡುತ್ತಲೇ ಇರಲಿಲ್ಲ. ಈಗ ಅವರಿಲ್ಲ, ಏಕತಾರಿ ಗೂಟದಲ್ಲಿ ತೂಗುತ್ತಿದೆ. ಮಿತ್ರರೇ, ನಿಮ್ಮ ಮನೆಗಳಲ್ಲಿ ಹಾಡುವ ಹಿರಿಯರಿದ್ದರೆ ಈ ರಜೆಯಲ್ಲಿಯೇ ಕೇಳಿರಿ.